ಮುದ್ದಮ್ಮನ ಕತೆಗೆ ಹೂಂಗುಟ್ಟಿದವಳು

ಮುದ್ದಮ್ಮ ಕತೆ ಹೇಳಲು ಕೂತರೆ ಕೇಳುವವರು ಹೂಂ ಅನ್ನಲೇಬೇಕಿತ್ತು. ಅನ್ನದಿದ್ದರೆ ಕತೆ ಅಲ್ಲಿಗೇ ನಿಂತಿತು ಅಂತ ಲೆಕ್ಕ. ‘ಒಂದೂರಲ್ಲಿ ಒಬ್ಬ ರಾಜ ಇದ್ನಂತೆ’ ಎಂದು ಹೇಳಿ, ಬಾಯಿ ಮುಚ್ಚಿಕೊಂಡು ನಮ್ಮ ಮುಖವನ್ನೇ ನೋಡುತ್ತಿದ್ದಳು. ನಾವು ಹೂಂ ಎಂದ ಮೇಲೆ ಆ ರಾಜನಿಗೆ ಹೆಂಡತಿ ಬರುತ್ತಿದ್ದಳು, ಇನ್ನೊಂದು ಹೂಂ ಆದ ಮೇಲೆ ಮಕ್ಕಳು. ನಾನು ಬಟ್ಟೆ ಹೊಲಿಯುವವಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೂಂಗುಟ್ಟುತ್ತಿದ್ದೆ. ಕೆಲಸದ ಗಡಿಬಿಡಿಯಲ್ಲಿ ಎಲ್ಲಾದರೂ ಮರೆತೆನೋ, ಊದುಬತ್ತಿ ಹೊಸೆಯುತ್ತಿದ್ದ ಅವಳ ಕೈಯೂ ನಿಂತುಬಿಡುತ್ತಿತ್ತು.

‘ಕೇಳ್ತಾ ಇದೀನಿ, ಹೇಳ್ಕೊಂಡ್ ಹೋಗೇ ತಾಯಿ’ ಎಂದು ರೇಗುತ್ತಿದ್ದೆ.

‘ಹಂಗೆಲ್ಲ ಆಗಕಿಲ್ಲ ಪದ್ಮಕ್ಕ. ನೀನು ಅನ್ನದಿದ್ರೆ ಬ್ಯಾರೆ ಯಾರಾದ್ರೂ ಅಂದ್ಬುಡ್ತಾರೆ.’

ತಮಾಷೆಗೆ ಹೇಳುತ್ತಾಳೆ ಅಂದುಕೊಂಡಿದ್ದೆ. ಮುದ್ದಮ್ಮ ತಮಾಷೆ ಮಾಡುವ ಹೆಂಗಸೇ ಅಲ್ಲ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಕೆಸರೆಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಯಾರಾದರೂ ಸೀನಿದರೆ ಈ ಕಡೆ ನಾನು ಹೊಲಿಗೆ ಮಷೀನು ನಿಲ್ಲಿಸಿ ಬೈಯುವಷ್ಟು ತೆಳು. ಮುದ್ದಮ್ಮ ಆ ಮನೆಗೆ ಬರುವ ಮೊದಲು ಅಲ್ಲಿದ್ದವಳು ಮಂಗಳಮ್ಮ. ಮನೆಯ ಯಜಮಾನ ಮಹದೇವಯ್ಯ ಬೀದಿಬೀದಿಗೆ ನೀರು ಬಿಡುವ ಕೆಲಸದವನು, ಹೊತ್ತಿಲ್ಲ ಗೊತ್ತಿಲ್ಲ, ವಾಲ್ವು ತಿರುಗಿಸುವ ಉದ್ದನೆ ಕೀಲಿ ಹೆಗಲಿಗೇರಿಸಿಕೊಂಡು ಹೋಗಿಬಿಡುತ್ತಿದ್ದ. ಮಂಗಳಮ್ಮ ಅವನ ಮೊದಲ ಹೆಂಡತಿ. ಚಾಮರಾಜನಗರದ ಕಡೆಯವಳು. ಅವಳ ಬಾಯಲ್ಲಿ ಹಕಾರ ಅನ್ನುವುದೇ ಇರಲಿಲ್ಲ. ಹಾಲು ಆಲು, ಹೂವು ಊವು. ‘ಏನೇ ಮಂಗಳ, ಊಟ ಆಯ್ತಾ’ ಎಂದರೆ ‘ಊಂ’ ಎಂದು ಎಳೆದು, ಕೊನೆಗೆ ಗಂಟಲು ಸ್ವಲ್ಪ ಕೆರೆದುಕೊಳ್ಳುತ್ತಿದ್ದಳು. ನಾನು ಹಾಗೇ ಅನುಕರಿಸಿ ಆಡಿಕೊಂಡರೆ ಅವಳೂ ನಗುತ್ತಿದ್ದಳು, ಸಿಟ್ಟಿನ ಹೆಂಗಸಲ್ಲ.

ಮಗಳು ಕೀರ್ತಿ ಇನ್ನೂ ಅಂಬೆಗಾಲಿಡುತ್ತಿದ್ದಾಗ ಮಂಗಳಮ್ಮನಿಗೆ ಕಾಮಾಲೆ ಹಿಡಿಯಿತು. ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದವಳು ನಾನೇ. ಅವಳ ಕಣ್ಣು ಅರಿಶಿನದ ಹಾಗಾಗಿತ್ತು. ಮಗುವನ್ನು ಎದೆಯ ಮೇಲೆ ಕೂರಿಸಿಕೊಂಡು, ‘ಅವ್ವ ಅನ್ನು ಬಂಗಾರ, ಒಂದ್ಸಲ ಅನ್ನು’ ಎಂದು ಗೋಗರೆಯುತ್ತಿದ್ದಳು. ಮಗು ಅವಳ ಮೂಗು ಹಿಡಿದು ಕೇಕೆ ಹಾಕಿ ನಗುತ್ತಿತ್ತು, ಅಷ್ಟೆ. ಆ ಮಾತು ಕೇಳದೇ ಹೋದಳು ಪುಣ್ಯಾತ್ಗಿತ್ತಿ.

ವರ್ಷ ತುಂಬಿದ ಮೇಲೆ ಮಹದೇವಯ್ಯ ಮುದ್ದಮ್ಮನನ್ನು ಕಟ್ಟಿಕೊಂಡು ಬಂದ. ಕಪ್ಪಗೆ, ತೆಳ್ಳಗೆ, ಮಾತು ಕಮ್ಮಿ. ಬಂದ ವಾರಕ್ಕೇ ಊದುಬತ್ತಿ ಹೊಸೆಯುವ ಕೆಲಸ ಹಿಡಿದಳು. ಮಣೆಯ ಮುಂದೆ ಕೂತು ಕಡ್ಡಿಗೆ ಕರಿ ಹಿಟ್ಟು ಮೆತ್ತಿ ಉರುಳಿಸುತ್ತಿದ್ದರೆ ಬೆರಳಿಂದ ಮೊಣಕೈವರೆಗೂ ಮಸಿ. ಮಗು ಅವಳ ತೊಡೆಗೇ ಅಂಟಿಕೊಂಡಿತು. ಒಂದು ಬೆಳಿಗ್ಗೆ ಮಗು ಬಾಯಿ ತೆರೆದು ‘ಅ’ ಅಂದದ್ದೇ ತಡ, ಮುದ್ದಮ್ಮ ಮಸಿಗೈಯಿಂದಲೇ ಅದರ ಬಾಯಿ ಮುಚ್ಚಿದಳು. ‘ನಾನು ಚಿಕ್ಕವ್ವ. ಚಿಕ್ಕವ್ವ ಅನ್ನು’ ಎಂದಳು. ಮಗುವಿನ ಗಲ್ಲದ ಮೇಲೆ ಕರಿ ಬೆರಳಚ್ಚು ಮೂಡಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ‘ಅಲ್ವೇ, ನಿನ್ನ ತಲೆ ನೆಟ್ಟಗಿದ್ಯಾ? ತಾನಾಗೇ ಅವ್ವ ಅನ್ನೋಕೆ ಬಂದ ಮಗೀನ ಬಾಯಿ ಮುಚ್ತೀಯಲ್ಲ.’

‘ಅವಳು ಆಸ್ಪತ್ರೇಲಿ ಕೇಳ್ಕೊಂಡ್ಲು ಅಂತ ನೀನೇ ಹೇಳ್ದಲ್ಲ ಪದ್ಮಕ್ಕ. ಹೆತ್ತೋಳಿಗೇ ಸಿಗ್ನಿಲ್ಲ. ನಾನು ಮಧ್ಯದಲ್ಲಿ ಕಿತ್ಕೊಂಡ್ರೆ ಅವಳಿಗೆ ಹೆಂಗಾಗ್ಬೇಡ.’

ಹೀಗೆ ಹೇಳಿದಳು ಎಂದು ಅವಳಿಗೆ ಆಸೆ ಇರಲಿಲ್ಲ ಅಂದುಕೊಳ್ಳಬೇಡಿ. ಮುದ್ದಮ್ಮನಿಗೆ ಬೇರೆ ಮಕ್ಕಳಾಗಲಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಯಾವುದೋ ಮಗು ಯಾರನ್ನೋ ಅವ್ವಾ ಎಂದು ಕೂಗಿದರೆ ಇವಳ ಕತ್ತು ತಾನಾಗಿ ತಿರುಗುತ್ತಿತ್ತು. ನಾನು ನೋಡಿದೆ ಅಂತ ಗೊತ್ತಾದರೆ ಚೀಲ ಸರಿಮಾಡಿಕೊಳ್ಳುವ ನಾಟಕ. ಒಮ್ಮೆ ರವಿಕೆ ಅಳತೆ ಕೊಡುವಾಗ ಯಾಕೋ ಮನಸ್ಸು ಬಿಚ್ಚಿ, ‘ಒಂದೇ ಒಂದ್ಸಲ ಅಂದ್ರೆ ಸಾಕು ಕಣಕ್ಕ, ಸಾಯೋದ್ರೊಳಗೆ’ ಎಂದು ಕಣ್ಣಲ್ಲಿ ನೀರು ಹಾಕಿಕೊಂಡಳು. ಅವಳ ಬಾಳಿನಲ್ಲಿ ಅವಳು ಬೇಕೆಂದು ಕೇಳಿದ್ದು ಅದೊಂದೇ.

ಸಂಜೆ ದೀಪ ಹಚ್ಚಿದ ಮೇಲೆ ಮಗುವಿಗೆ ಕತೆ. ಗೋಡೆಯ ಈ ಕಡೆ ನನಗೂ ಕೇಳುತ್ತಿತ್ತು. ಯಾವಾಗಲೂ ಅದೇ ಒಂದು ಕತೆ. ತಾಯಿ ಸತ್ತ ಹುಡುಗಿ, ಅವಳಿಗೊಬ್ಬಳು ಮಲತಾಯಿ. ಮಲತಾಯಿ ಹುಡುಗಿಗೆ ತೌಡು ತಿನ್ನಿಸುತ್ತಾಳೆ. ಸತ್ತ ತಾಯಿ ಹಿತ್ತಲಲ್ಲಿ ನುಗ್ಗೆ ಮರವಾಗಿ ಹುಟ್ಟಿ, ಸಂಜೆಯಾದರೆ ಕೊಂಬೆ ಬಗ್ಗಿಸಿ ಮಗಳಿಗೆ ಬಿಸಿ ಮುದ್ದೆ ಕೊಡುತ್ತಾಳೆ. ಮಲತಾಯಿ ಅದನ್ನು ಕಂಡು ಮರ ಕಡಿಸುತ್ತಾಳೆ, ಕಡಿದ ಮರ ಮಾತಾಡಿ ಅವಳ ಗುಟ್ಟೆಲ್ಲ ಊರಿಗೆ ಸಾರುತ್ತದೆ. ಕೊನೆಗೆ ಮಲತಾಯಿ ಸುಣ್ಣದ ಗೂಡಿಗೆ ಬಿದ್ದು ಸುಟ್ಟು ಬೂದಿಯಾಗುತ್ತಾಳೆ. ತಾನೇ ಮಲತಾಯಿಯಾಗಿದ್ದುಕೊಂಡು ಈ ಕತೆಯನ್ನೇ ಯಾಕೆ ಹೇಳುತ್ತಾಳೋ ಈ ಪೆದ್ದಿ ಎಂದು ಗೊಣಗಿಕೊಳ್ಳುತ್ತಿದ್ದೆ.

ಒಂದು ಸಂಜೆ ಕೀರ್ತಿ ನನ್ನ ಮನೆಯಲ್ಲಿ ಆಡುತ್ತ ಆಡುತ್ತ ಬಟ್ಟೆ ತುಂಡುಗಳ ಗುಡ್ಡೆಯ ಮೇಲೆ ನಿದ್ದೆ ಹೋದಳು. ನಾನು ಗುಂಡಿಗೆ ಕಾಜ ಹೊಲಿಯುತ್ತಿದ್ದೆ. ಆ ಕಡೆಯಿಂದ ಮುದ್ದಮ್ಮನ ದನಿ ಶುರುವಾಯಿತು. ‘ತೌಡು ತಿಂದು ತಿಂದು ಆ ಮಗ ಸೊರಗೋಯ್ತಂತೆ.’ ಸ್ವಲ್ಪ ಬಿಡುವು. ಆಮೇಲೆ ಹೂಂ. ‘ಹಿತ್ಲಲ್ಲಿ ಒಂದು ನುಗ್ಗೆ ಗಿಡ ಚಿಗುರ್ತಂತೆ.’ ಮತ್ತೆ ಹೂಂ. ನಾನು ದಾರ ಕಚ್ಚಿ ಹರಿದು, ಸೂಜಿ ಎತ್ತಿ, ಆಮೇಲೆ ಪಕ್ಕದಲ್ಲಿ ಮಲಗಿದ್ದ ಮಗುವನ್ನು ನೋಡಿದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ. ಮಹದೇವಯ್ಯ ನೀರು ಬಿಡಲು ಹೋಗಿದ್ದ, ಅವನು ಹೋದದ್ದನ್ನು ನಾನೇ ಕಂಡಿದ್ದೆ.

ಎದ್ದು ಹೋಗಿ ಬಾಗಿಲು ತಳ್ಳಿದೆ. ಮುದ್ದಮ್ಮ ಒಬ್ಬಳೇ ಮಣೆಯ ಮುಂದೆ ಕೂತಿದ್ದಳು. ಎದುರಿಗೆ ಒಂದು ಚಾಪೆ ಹಾಸಿತ್ತು.

‘ಯಾರೇ ಇದ್ರು?’

‘ಕೀರ್ತಿ ಅವ್ವ’ ಎಂದಳು, ಪಕ್ಕದ ಬೀದಿಯವರು ಬಂದುಹೋದರು ಅನ್ನುವ ಹಾಗೆ. ‘ಮಗ ಮಲಗಿದ ಮ್ಯಾಲೂ ಹೂಂಗುಟ್ಟೋದು ನಿಲ್ತಿರ್ನಿಲ್ಲ. ಮೊದಮೊದ್ಲು ಹೆದ್ರಿಕೆ ಆಗೋದು. ಆಮ್ಯಾಕೆ ಅನ್ನುಸ್ತು, ಪಾಪ, ಮಗೀನ ನೋಡೋಕೆ ಬತ್ತಾಳೆ, ಬಂದೋಳಿಗೆ ಒಂದು ಕತೆ ಹೇಳಿದ್ರೆ ನನ್ ಗಂಟೇನ್ ಹೋಗುತ್ತೆ. ಈ ಕತೆನೇ ಆಗ್ಬೇಕು ಅವಳಿಗೆ. ಮಲತಾಯಿ ಸುಣ್ಣದ ಗೂಡಿಗೆ ಬಿದ್ಲು ಅಂದ್ರೆ ಸಮಾಧಾನ. ಎದ್ದು ಹೊಂಟೋಯ್ತಾಳೆ.’

ನಾನು ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವಳು. ದೆವ್ವ ಗಿವ್ವ ನನ್ನ ಹತ್ತಿರ ನಡೆಯುವುದಿಲ್ಲ. ಹಿಂದಿನ ಮನೆಯ ಟೀವಿ ಇರಬೇಕು, ಗೋಡೆಯ ಮಾರ್ದನಿ ಇರಬೇಕು ಎಂದು ಅವಳಿಗೆ ಚೆನ್ನಾಗಿ ಉಗಿದು ಬಂದೆ. ಬಂದವಳು ಮಷೀನನ್ನು ಆ ಗೋಡೆಯ ಪಕ್ಕದಿಂದ ಎತ್ತಿಸಿ ಬೀದಿ ಕಡೆಗೆ ಹಾಕಿಸಿದೆ. ಬೆಳಕು ಚೆನ್ನಾಗಿ ಬರುತ್ತದೆ ಅಂತ ಎಲ್ಲರಿಗೂ ಹೇಳಿದೆ.

ಕೀರ್ತಿ ಬೆಳೆದಳು. ಮಾನಸಗಂಗೋತ್ರಿಯಲ್ಲಿ ಓದಿದಳು. ಮಹದೇವಯ್ಯ ತೀರಿಕೊಂಡ ಮೇಲೆ ಮನೆಯಲ್ಲಿ ಅವರಿಬ್ಬರೇ. ಹುಡುಗಿ ಸಿನಿಮಾ ಮಾಡುವವರ ಜೊತೆ ಸೇರಿಕೊಂಡು ಕತೆ ಬರೆಯಲು ಶುರುಮಾಡಿದಳು. ಅವಳ ನಿರ್ದೇಶಕ ವಿಶ್ವನಾಥ್ ಅಂತ, ಗಡ್ಡ ಬಿಟ್ಟ ಒಳ್ಳೆಯ ಮನುಷ್ಯ, ಬಂದಾಗಲೆಲ್ಲ ನನ್ನ ಕೈಯ ಕಾಫಿ ಕುಡಿಯದೆ ಹೋಗುತ್ತಿರಲಿಲ್ಲ. ಅವನಿಗೆ ಅಜ್ಜಿ ಕತೆಗಳ ಹುಚ್ಚು. ಕತೆ ಇದ್ದ ಹಾಗೆ ತೆಗೆಯುವ ಹುಚ್ಚಲ್ಲ, ತಿರುಗಿಸಿ ತೆಗೆಯುವ ಹುಚ್ಚು.

ಈಗ ಎಲ್ಲ ಸಿನಿಮಾದಲ್ಲೂ ಅದೇ ತಾನೇ. ರಾಕ್ಷಸಿ ಬಂದರೆ ಅವಳಿಗೊಂದು ಕಣ್ಣೀರಿನ ಹಿಂದಿನ ಕತೆ. ಗಿಳಿಯಲ್ಲಿ ಪ್ರಾಣ ಇಟ್ಟಿದ್ದ ಮಾಂತ್ರಿಕನನ್ನು ಚಿಕ್ಕಂದಿನಲ್ಲಿ ಯಾರೋ ಗೋಳುಹೊಯ್ದುಕೊಂಡಿರುತ್ತಾರೆ. ರಾಜಕುಮಾರ ಕೈಲಾಗದವನು, ಏಳು ಸಮುದ್ರ ದಾಟುವುದೆಲ್ಲ ರಾಜಕುಮಾರಿಯೇ, ಅವಳಿಗೆ ಕುದುರೆಯೂ ಬೇಡ ಮದುವೆಯೂ ಬೇಡ. ನೋಡಲು ನನಗೂ ಇಷ್ಟವೇ. ಆದರೆ ಒಂದು ಮಾತು ನಾನು ವಿಶ್ವನಾಥನನ್ನು ಕೇಳಿದ್ದೆ. ‘ಅಲ್ಲಪ್ಪ, ಕೆಟ್ಟೋರನ್ನೆಲ್ಲ ಒಳ್ಳೇರು ಮಾಡ್ಕೊಂಡ್ ಬಂದ್ರೆ ಕೆಟ್ಟದ್ದು ಮಾಡೋರು ಯಾರು? ಅದನ್ನ ಯಾರ ತಲೆಗಾದ್ರೂ ಕಟ್ಲೇಬೇಕಲ್ಲ.’ ಅವನು ಕಾಫಿ ಕಪ್ಪು ಕೆಳಗಿಟ್ಟು, ‘ಅದೇ ಕಷ್ಟ ನೋಡಿ ಅಕ್ಕ’ ಎಂದು ನಕ್ಕಿದ್ದ.

ಯಾರ ತಲೆಗೆ ಕಟ್ಟಿದರು ಅಂತ ಆಮೇಲೆ ಗೊತ್ತಾಯಿತು. ಸಿನಿಮಾದ ಹೆಸರು ‘ಚಿಕ್ಕವ್ವ’. ಬರೆದವಳು ಕೀರ್ತಿ. ಚಿಕ್ಕಂದಿನಿಂದ ಕೇಳಿದ ಅದೇ ನುಗ್ಗೆ ಮರದ ಕತೆ. ಆದರೆ ಇದರಲ್ಲಿ ಮಲತಾಯಿ ದೇವರಂಥವಳು. ನುಗ್ಗೆ ಮರವೇ ದೆವ್ವ. ಸತ್ತ ತಾಯಿ ಮಗಳನ್ನು ತನ್ನ ಜೊತೆಗೆ ಒಯ್ಯಲು ಬೇರುಗಳನ್ನು ಮನೆಯ ಅಡಿಗೆ ಬಿಟ್ಟುಕೊಂಡು ಬರುತ್ತಾಳೆ. ಬೇರು ತೊಟ್ಟಿಲ ಕಾಲು ಹತ್ತಿ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಮಲತಾಯಿ ಕೊಡಲಿ ಹಿಡಿದು ಮರ ಕಡಿದು ಮಗುವನ್ನು ಉಳಿಸಿಕೊಳ್ಳುತ್ತಾಳೆ.

ಕೀರ್ತಿ ಇದನ್ನು ನಮ್ಮಿಬ್ಬರಿಗೂ ನನ್ನ ಮನೆಯಲ್ಲೇ ಓದಿ ಹೇಳಿದಳು. ಮುದ್ದಮ್ಮ ಅರ್ಧಕ್ಕೇ ಹೂಂ ಅನ್ನುವುದನ್ನು ನಿಲ್ಲಿಸಿದಳು.

‘ಚಿಕ್ಕವ್ವ, ಯಾಕೆ ಸುಮ್ಮನಾದೆ? ನಿನ್ನನ್ನ ಒಳ್ಳೆಯವಳು ಅಂತ ಲೋಕಕ್ಕೆ ತೋರಿಸೋಕೇ ನಾನಿದನ್ನ ಬರೆದದ್ದು.’

‘ನಾನು ಒಳ್ಳೇಳು ಆಗೋಕೆ ಅವಳು ದೆವ್ವ ಆಗ್ಬೇಕಾ ಮಗಳೇ? ಸತ್ತದ್ದು ಅವಳ ತಪ್ಪಾ?’

‘ಅದು ನಮ್ಮಮ್ಮ ಅಲ್ಲ. ಬರೀ ಒಂದು ಪಾತ್ರ.’

‘ಅವಳಿಗೆ ಹಂಗಂತ ಯಾರು ಹೇಳ್ತಾರೆ?’ ಎಂದಳು ಮುದ್ದಮ್ಮ.

ಕೀರ್ತಿ ನನ್ನ ಕಡೆ ನೋಡಿ ನಕ್ಕಳು. ನನಗೆ ನಗು ಬರಲಿಲ್ಲ.

ಹಿನಕಲ್ಲಿನ ಒಂದು ಹಳೇ ಮನೆಯಲ್ಲಿ ಶೂಟಿಂಗು. ಸುತ್ತ ಬಡಾವಣೆ ಬೆಳೆದು, ನಡುವೆ ಆ ಹೆಂಚಿನ ಮನೆ ಒಂದೇ ಉಳಿದಿತ್ತು. ದೆವ್ವದ ಸೀರೆಗಳನ್ನು ಹರಿದು ಹೊಲಿದುಕೊಡುವ ಕೆಲಸ ನನಗೇ ಬಂದಿತ್ತು, ಹಾಗಾಗಿ ನಾನೂ ಮುದ್ದಮ್ಮನೂ ಹೋದೆವು. ದೆವ್ವವಾದವಳು ಸಿಂಚನ ಅಂತ, ಚಿಕ್ಕ ವಯಸ್ಸಿನ ಹುಡುಗಿ. ಮುಖಕ್ಕೆ ಬೂದಿ ಬಣ್ಣ, ಬಿಚ್ಚಿದ ಕೂದಲು ಮೊಣಕಾಲವರೆಗೆ. ಊಟದ ಹೊತ್ತಿನಲ್ಲಿ ಜಗಲಿಯ ಮೇಲೆ ಮೊಬೈಲು ನೋಡುತ್ತ ಕೂತಿದ್ದಳು. ನಾನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮುದ್ದಮ್ಮ ಅವಳ ಹಿಂದೆ ಕೂತು, ಎಲ್ಲಿಂದಲೋ ಬಾಚಣಿಗೆ ಹುಡುಕಿಕೊಂಡು, ಆ ಕೂದಲನ್ನು ಬಾಚುತ್ತಿದ್ದಳು.

‘ಹಿಂಗೆ ತಲೆ ಬಿರಿಹುಯ್ಕೊಂಡು ಬಂದ್ರೆ ಮಗ ಹೆದರ್ಕೊಳಕಿಲ್ವಾ’ ಎಂದು ಮೆಲ್ಲಗೆ ಹೇಳುತ್ತಿದ್ದಳು. ಹೇಳುತ್ತಿದ್ದುದು ಸಿಂಚನಾಗೆ ಅಲ್ಲ ಎಂದು ನನಗೊಬ್ಬಳಿಗೆ ಗೊತ್ತು. ಆ ಹುಡುಗಿ ಮೊಬೈಲು ಮಡಿಲಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಅಲ್ಲಾಡದೆ ಕೂತಿತ್ತು. ಬೂದಿ ಬಣ್ಣದ ಮೇಲೆ ಕಣ್ಣೀರು ಗೆರೆ ಹಾಕಿಕೊಂಡು ಇಳಿಯುತ್ತಿತ್ತು. ಯಾಕಮ್ಮ ಅಂತ ಕೇಳಿದರೆ, ‘ಗೊತ್ತಿಲ್ಲ ಆಂಟಿ’ ಎಂದಳು. ವಿಶ್ವನಾಥ್ ಬಂದು ನೋಡಿ ತಲೆ ಚಚ್ಚಿಕೊಂಡ. ‘ಅಮ್ಮಾ, ನೀವು ದೆವ್ವಕ್ಕೆ ಜಡೆ ಹಾಕ್ಬಿಟ್ರೆ ನಾನು ಸಿನಿಮಾ ತೆಗೆಯೋದು ಹೇಗೆ.’ ಎಲ್ಲರೂ ನಕ್ಕರು. ಜಡೆ ಬಿಚ್ಚಿಸಿದರು.

ಆಮೇಲೆ ಸಿನಿಮಾದವರಿಗೊಂದು ಯೋಚನೆ ಬಂತು. ಸಿನಿಮಾದ ಉದ್ದಕ್ಕೂ ಹಿನ್ನೆಲೆಯಲ್ಲಿ ಕತೆ ಹೇಳುವ ದನಿ ಮುದ್ದಮ್ಮನದೇ ಇರಲಿ ಎಂದು. ಮುದ್ದಮ್ಮ ಒಪ್ಪಲಿಲ್ಲ. ಕೀರ್ತಿ ಗಲ್ಲ ಹಿಡಿದು ಕೇಳಿಕೊಂಡಳು. ಕೀರ್ತಿ ಕೇಳಿದರೆ ಇಲ್ಲ ಅನ್ನುವುದು ಮುದ್ದಮ್ಮನಿಗೆ ಬರುವುದೇ ಇಲ್ಲ.

ಸಿದ್ಧಾರ್ಥನಗರದಲ್ಲಿ ಒಂದು ಮನೆಯ ಕೆಳಭಾಗವನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಮಟಮಟ ಮಧ್ಯಾಹ್ನ. ಕೀರ್ತಿಗೆ ಬೇರೆ ಕೆಲಸವಿತ್ತು, ಕೊನೆಯ ಹೊಸ ಭಾಗವನ್ನು ಬಾಯಿಪಾಠ ಮಾಡಿಸಿ ನನ್ನನ್ನು ಜೊತೆಗೆ ಕಳಿಸಿದ್ದಳು. ದನಿ ಹಿಡಿಯುವವನು ಷಡಕ್ಷರಿ, ಸೌಮ್ಯ ಸ್ವಭಾವದ ಹುಡುಗ. ಒಳಗೆ ಗೋಡೆಗೆಲ್ಲ ಸ್ಪಂಜು ಮೆತ್ತಿದ ಒಂದು ಗೂಡು, ನಡುವೆ ಗಾಜು. ಒಳಗೆ ಅವಳೊಬ್ಬಳೇ, ಎದುರಿಗೊಂದು ಖಾಲಿ ಕುರ್ಚಿ. ಈಚೆ ನಾನೂ ಷಡಕ್ಷರಿಯೂ.

‘ಹೂಂಗುಟ್ಟೋರು ಯಾರು?’ ಎಂದಳು ಮುದ್ದಮ್ಮ ಒಳಗಿನಿಂದ.

‘ಯಾರೂ ಬೇಡಮ್ಮ. ಹೂಂ ಅಂದ್ರೆ ಅದೂ ರೆಕಾರ್ಡ್ ಆಗ್ಬಿಡುತ್ತೆ. ನೀವು ಒಂದೊಂದು ವಾಕ್ಯ ಆದ್ಮೇಲೆ ಸ್ವಲ್ಪ ನಿಲ್ಲಿಸಿ ಸಾಕು.’

‘ಹಗಲೊತ್ತಲ್ಲಿ, ಹೂಂ ಇಲ್ದಂಗೆ ಕತೆ ಹೇಳಬಾರ್ದು ಕಣಪ್ಪ.’

ಅವನು ನನ್ನನ್ನು ನೋಡಿದ. ‘ಹೇಳೇ, ಏನೂ ಆಗಲ್ಲ’ ಎಂದೆ ನಾನು. ಅವಳು ಶುರುಮಾಡಿದಳು. ಒಂದು ವಾಕ್ಯ ಹೇಳುವುದು, ನಿಲ್ಲಿಸುವುದು, ತಲೆ ಆಡಿಸಿ ಮುಂದಿನದು. ಷಡಕ್ಷರಿ ಕಿವಿಯ ಹೆಡ್‌ಫೋನು ಒತ್ತಿಕೊಂಡ. ಮತ್ತೆ ಒತ್ತಿಕೊಂಡ. ಗಾಜಿನ ಆಚೆ ಬಗ್ಗಿ ನೋಡಿದ.

‘ಆಂಟಿ, ಅವರೇ ಮಧ್ಯದಲ್ಲಿ ಏನಾದ್ರೂ ಅಂತಿದಾರಾ?’

‘ಬಾಯಿ ಮುಚ್ಚಿಕೊಂಡೇ ಇದ್ದಾಳಲ್ಲಪ್ಪ.’

ಅವನು ಹೆಡ್‌ಫೋನು ತೆಗೆದು ನನ್ನ ಕಿವಿಗೆ ಹಾಕಿದ. ಮುದ್ದಮ್ಮನ ದನಿ ಕಿವಿಯೊಳಗೇ ಕೂತು ಮಾತಾಡಿದ ಹಾಗೆ ಕೇಳಿತು. ‘ಸಂಜೆ ಆದ್ರೆ ಆ ಮರ ಕೊಂಬೆ ಬಗ್ಗಿಸೋದಂತೆ.’ ಗಾಜಿನ ಆಚೆ ಅವಳ ತುಟಿ ಮುಚ್ಚಿತು. ಆಗ ಕೇಳಿತು. ಬಲು ಹತ್ತಿರದಿಂದ.

ಊಂ.

ಹೂಂ ಅಲ್ಲ. ಊಂ. ಎಳೆದು, ಕೊನೆಗೆ ಗಂಟಲು ಸ್ವಲ್ಪ ಕೆರೆದ ಊಂ. ನಾನು ಆಡಿಕೊಂಡು ನಗುತ್ತಿದ್ದ ಊಂ. ಇಷ್ಟು ವರ್ಷ ಗೋಡೆ ಮಧ್ಯೆ ಇದ್ದುದರಿಂದ ಗುರುತು ಹತ್ತಿರಲಿಲ್ಲ, ಈಗ ಯಾವ ಗೋಡೆಯೂ ಇರಲಿಲ್ಲ. ನನಗೆ ಬುದ್ಧನೂ ನೆನಪಾಗಲಿಲ್ಲ, ಟೀವಿಯೂ ನೆನಪಾಗಲಿಲ್ಲ. ‘ಮಂಗಳ’ ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಒಳಗೆ ಮುದ್ದಮ್ಮ ಹೊಸ ಭಾಗಕ್ಕೆ ಬಂದಿದ್ದಳು. ‘ಆ ಮರ ಮರವಲ್ಲ, ದೆವ್ವ. ಮಗೀನ ಉಸ್ರು ಕಟ್ಟಿಸೋಕೆ ಬಂದಿತ್ತಂತೆ.’ ನಿಲ್ಲಿಸಿದಳು. ಕಾದಳು. ಏನೂ ಇಲ್ಲ. ‘ಚಿಕ್ಕವ್ವ ಕೊಡಲಿ ಎತ್ಕೊಂಡು ಬುಡಕ್ಕೆ ಹಾಕಿದ್ಲಂತೆ.’ ಏನೂ ಇಲ್ಲ. ಹೆಡ್‌ಫೋನಿನಲ್ಲಿ ಯಾರೋ ಸೀರೆ ಕೊಡವಿಕೊಂಡು ಏಳುವಷ್ಟು ಸಣ್ಣ ಸದ್ದು. ಮುದ್ದಮ್ಮ ಎದುರಿದ್ದ ಖಾಲಿ ಕುರ್ಚಿಯನ್ನು ನೋಡಿದಳು, ಆಮೇಲೆ ಅವಳ ಕಣ್ಣು ನಿಧಾನವಾಗಿ ಬಾಗಿಲ ಕಡೆಗೆ ಹೊರಳಿತು.

‘ಎದ್ದು ಹೊಂಟೋದ್ಲು ಪದ್ಮಕ್ಕ’ ಎಂದಳು. ‘ಕತೆ ಮುಗಿಯೋಕ್ ಮುಂಚೆನೇ.’

ಷಡಕ್ಷರಿ ತಂತಿ ಬದಲಾಯಿಸಿದ, ಎಲ್ಲೋ ಲೀಕ್ ಆಗ್ತಿದೆ ಎಂದ, ಆ ಊಂಗಳನ್ನೆಲ್ಲ ಅಳಿಸಿದ. ಪಾಪ, ನಮಗೆ ಆಟೋ ಹತ್ತಿಸುವಾಗ, ‘ಇನ್ನೊಂದು ಟೇಕ್ ಬೇಡ ಬಿಡಿ’ ಎಂದ.

ಅವತ್ತಿನಿಂದ ಮುದ್ದಮ್ಮನ ಮನೆಯಲ್ಲಿ ಹೂಂ ನಿಂತಿತು. ಸಂಜೆಯಾದರೆ ಅವಳು ಚಾಪೆ ಹಾಸುತ್ತಿದ್ದಳು. ಹಳೇ ಕತೆಯನ್ನು ಹಳೇ ಕೊನೆಯ ಜೊತೆಗೇ ಹೇಳುತ್ತಿದ್ದಳು. ನಾನು ಮಷೀನನ್ನು ಮತ್ತೆ ಆ ಗೋಡೆಯ ಪಕ್ಕಕ್ಕೆ ಎಳೆದುಕೊಂಡು ಕಿವಿಗೊಟ್ಟು ಕೂರುತ್ತಿದ್ದೆ. ಬರೀ ಅವಳೊಬ್ಬಳ ದನಿ, ನಡುನಡುವೆ ಉದ್ದುದ್ದ ಮೌನ. ಆ ಮೌನ ನನಗೆ ಮೊದಲಿನ ಹೂಂಗಿಂತ ಹೆಚ್ಚು ಭಯ ಹುಟ್ಟಿಸಿತು.

‘ಸಿಟ್ಟಾಗವ್ಳೆ’ ಎನ್ನುತ್ತಿದ್ದಳು ಮುದ್ದಮ್ಮ. ‘ಎಲ್ಲೋದ್ಲೋ ಏನೋ. ಮಗಳ ಸುತ್ತನೇ ತಿರುಗ್ತಾವ್ಳೋ ಏನೋ.’ ಕೀರ್ತಿ ಹೊರಗೆ ಹೊರಟರೆ ಬಾಗಿಲಲ್ಲಿ ನಿಂತು, ಅವಳ ಹಿಂದಿನ ಖಾಲಿ ಬೀದಿಗೆ ಕೈಮುಗಿಯುತ್ತಿದ್ದಳು. ಯಾರಿಗೆ ಕೈಮುಗಿದೆ ಎಂದು ಯಾರೂ ಕೇಳಲಿಲ್ಲ. ಬೀದಿಯವರು ಮುದುಕಿಗೆ ಅರಳುಮರುಳು ಅಂದುಕೊಂಡರು.

ಸಿನಿಮಾ ಬಿಡುಗಡೆಯಾದ ದಿನ ಮಧ್ಯಾಹ್ನದ ಆಟಕ್ಕೆ ಕೀರ್ತಿ ನಮ್ಮನ್ನು ಕರೆದುಕೊಂಡು ಹೋದಳು. ಮುದ್ದಮ್ಮ ಇನ್ನೊಂದು ಟಿಕೆಟ್ಟು ತೆಗೆಸು ಎಂದು ಹಟ ಹಿಡಿದಳು. ಚೀಲ ಇಡೋಕೆ ಜಾಗ ಬೇಕಂತೆ ಅಂತ ಕೀರ್ತಿ ನಕ್ಕು ತೆಗೆಸಿದಳು. ಒಳಗೆ ಮುದ್ದಮ್ಮ ಚೀಲವನ್ನು ಕಾಲ ಬಳಿ ಇಟ್ಟುಕೊಂಡಳು. ಕೀರ್ತಿ, ಒಂದು ಖಾಲಿ ಕುರ್ಚಿ, ಮುದ್ದಮ್ಮ, ಆಮೇಲೆ ನಾನು.

ಸಿನಿಮಾ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಬೇರುಗಳು ನೆಲದಡಿ ಹರಿದು ಬರುವಾಗ ಜನ ಕಾಲು ಮೇಲಕ್ಕೆತ್ತಿಕೊಂಡರು. ಸಿಂಚನಾಳ ಮುಖ ತೊಟ್ಟಿಲ ಮೇಲೆ ಬಗ್ಗಿದಾಗ ಹಿಂದಿನ ಸಾಲಿನಲ್ಲಿ ಯಾರೋ ಚೀರಿದರು, ಚೀರಿದ್ದಕ್ಕೆ ಉಳಿದವರು ನಕ್ಕರು. ಮುದ್ದಮ್ಮ ಪರದೆಯ ಕಡೆ ನೋಡುತ್ತಲೇ ಇರಲಿಲ್ಲ. ಖಾಲಿ ಕುರ್ಚಿಯ ಕಡೆ ವಾಲಿಕೊಂಡು ಏನೋ ಪಿಸುಗುಟ್ಟುತ್ತಿದ್ದಳು. ನಾನು ಕಿವಿ ಹತ್ತಿರ ಒಯ್ದೆ.

ಪರದೆಯ ಮೇಲೆ ಚಿಕ್ಕವ್ವ ಕೊಡಲಿ ಎತ್ತಿದ್ದಳು. ಜನ ಶಿಳ್ಳೆ ಹೊಡೆಯುತ್ತಿದ್ದರು. ಇವಳು ಈ ಗದ್ದಲದ ಅಡಿಯಲ್ಲಿ ಹೇಳುತ್ತಿದ್ದಳು. ‘ಅದೆಲ್ಲ ಸುಳ್ಳು ಕಣವ್ವ. ಅದನ್ನ ನೋಡ್ಬೇಡ, ಇಲ್ಲಿ ಕೇಳು. ಆ ಮಲತಾಯಿ ಮರ ಕಡಿಸಿದ್ಲಂತೆ. ಪಾಪಿ ಮುಂಡೆ. ಸುಣ್ಣದ ಗೂಡಿಗೆ ಬಿದ್ಲಂತೆ. ಸುಟ್ಟು ಬೂದಿ ಆದ್ಲಂತೆ. ಅನ್ನು ಕಣವ್ವ, ಒಂದ್ಸಲ ಹೂಂ ಅನ್ನು.’ ಅತ್ತ ಇಡೀ ಚಿತ್ರಮಂದಿರ ಅವಳನ್ನು ದೇವತೆ ಮಾಡಿ ಕೂರಿಸುತ್ತಿದ್ದರೆ, ಇತ್ತ ಇವಳು ತನ್ನನ್ನು ತಾನೇ ಸುಟ್ಟುಕೊಳ್ಳುತ್ತಿದ್ದಳು. ನನಗೆ ಆ ಕುರ್ಚಿಯ ಕಡೆ ನೋಡಲು ಧೈರ್ಯವಾಗಲಿಲ್ಲ.

ದೀಪಗಳು ಹೊತ್ತಿಕೊಂಡವು. ಕೊನೆಯಲ್ಲಿ ಪರದೆಯ ಮೇಲೆ ‘ನನ್ನನ್ನು ಸಾಕಿದ ಮುದ್ದಮ್ಮನಿಗೆ’ ಎಂದು ಬಂತು. ಕೀರ್ತಿ ಅಳುತ್ತಿದ್ದಳು. ಖಾಲಿ ಕುರ್ಚಿಯ ಮೇಲೆ ಹಾಯ್ದು ಬಗ್ಗಿ, ಮುದ್ದಮ್ಮನ ಕೈ ಹಿಡಿದುಕೊಂಡಳು.

‘ಅವ್ವ’ ಎಂದಳು.

ಹುಟ್ಟಿದಾಗಿನಿಂದ ಮೊದಲನೆಯ ಸಲ. ಓಗೊಡೇ, ಬೇಗ ಓಗೊಡೇ ಎಂದು ನಾನು ಮುದ್ದಮ್ಮನ ತೊಡೆ ಚಿವುಟಿದೆ. ಅವಳು ನನ್ನ ಕೈ ತಳ್ಳಿದಳು. ಅವಳ ಮುಖದಲ್ಲಿ ಎಂಥದೋ ಆಸೆ ಎದ್ದುಬಂದದ್ದು ಕಂಡೆ, ಬಾಯಿ ಅರ್ಧ ತೆರೆಯಿತು, ಮತ್ತೆ ಮುಚ್ಚಿತು. ಕಣ್ಣು ಆ ಖಾಲಿ ಕುರ್ಚಿಯ ಮೇಲೆ ನಿಂತಿತು. ಆಮೇಲೆ ಅವಳ ಹೆಗಲು ಸಡಿಲವಾಯಿತು, ದಾರಿಯಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತಾರಲ್ಲ, ಹಾಗೆ.

‘ಊಂ’ ಎಂದಿತು ಅವಳ ಬಾಯಿ. ಎಳೆದು, ಗಂಟಲು ಕೆರೆದು. ‘ಏಳು ಬಂಗಾರ.’

ಹೇಳು ಅನ್ನುವುದಕ್ಕೆ ಏಳು. ಅದು ಮಂಗಳಮ್ಮನ ದನಿ. ಆ ದನಿಯಲ್ಲಿ ಎಂಥ ತಣಿವಿತ್ತು ಎಂದು ನನಗೆ ಹೇಳಲು ಬರುವುದಿಲ್ಲ. ಕೀರ್ತಿಗೆ ಏನೂ ತಿಳಿಯಲಿಲ್ಲ. ಅತ್ತು ದನಿ ಕಟ್ಟಿದೆ ಅಂದುಕೊಂಡಿರಬೇಕು, ಆ ಕೈಗೆ ಮುಖ ಒತ್ತಿಕೊಂಡು ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಯಾರೋ ಕರೆದರು ಅಂತ, ಕಣ್ಣೊರೆಸಿಕೊಂಡು, ಆಟೋ ನೋಡುತ್ತೇನೆ ಎಂದು ಹೊರಗೆ ಹೋದಳು.

ನಾನೂ ಮುದ್ದಮ್ಮನೂ ಖಾಲಿಯಾಗುತ್ತಿದ್ದ ಸಾಲಿನಲ್ಲಿ ಕೂತಿದ್ದೆವು. ಅವಳ ಕೈ ಹಿಡಿದರೆ ಮಂಜಿನಂತೆ ತಣ್ಣಗಿತ್ತು.

‘ಏನೇ ಅದು? ಏನ್ ಮಾಡ್ದೆ ನೀನು?’

‘ಬಾಯಿ ಬುಟ್ಕೊಟ್ಟೆ ಕಣಕ್ಕ’ ಎಂದಳು. ಈಗ ಅವಳದೇ ದನಿ, ಸುಸ್ತಾಗಿ ಬತ್ತಿದ ದನಿ. ‘ಕರೆದದ್ದು ನನ್ನನ್ನೇ, ಗೊತ್ತು. ಆದ್ರೆ ಅವಳು ಪಕ್ಕದಲ್ಲೇ ಕೂತಿದ್ಲಲ್ಲ. ಎಷ್ಟು ವರ್ಷದಿಂದ ಕಾಯ್ಕೊಂಡಿದ್ಲು. ಕೇಳಿಸ್ಕೊಂಡು ಹೊಂಟೋದ್ಲು. ಇನ್ನು ಬರಾಕಿಲ್ಲ.’

‘ನೀನೂ ಕಾಯ್ತಿದ್ದೆಯಲ್ಲೇ, ಹುಚ್ಚಿ.’ ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

‘ಇನ್ನು ದಿನಾ ಕರೀತಾಳೆ ಬುಡು. ಬಾಯಿಗೆ ಬಂತಲ್ಲ’ ಎಂದು ಮುದ್ದಮ್ಮ ಕಣ್ಣೊರೆಸಿಕೊಂಡಳು. ಅವಳ ಮುಖ ಮದುವಣಗಿತ್ತಿಯ ಮುಖದಂತೆ ಆಗಿತ್ತು. ಬಾಗಿಲ ಕಡೆಗೆ ಕತ್ತು ತಿರುಗಿಸಿಕೊಂಡು, ಕಿವಿಯನ್ನೆಲ್ಲ ಆ ಕಡೆಗೇ ಇಟ್ಟುಕೊಂಡು ಕೂತಳು.

ಬಾಗಿಲ ಪರದೆ ಸರಿಯಿತು. ಬಿಸಿಲು ಒಳಗೆ ಬಿತ್ತು. ಕೀರ್ತಿ ತಲೆ ಹಾಕಿ, ಎಂದಿನ ದನಿಯಲ್ಲಿ ಕೂಗಿದಳು.

‘ಚಿಕ್ಕವ್ವಾ, ಬಾ ಬೇಗ, ಆಟೋ ಬಂತು.’

ಮುದ್ದಮ್ಮ ಬಗ್ಗಿ ಕಾಲ ಬಳಿಯ ಚೀಲ ಸರಿಮಾಡಿಕೊಂಡಳು. ಆಮೇಲೆ ಅದನ್ನು ಎತ್ತಿಕೊಂಡು, ‘ಬಂದೆ ಕಣವ್ವ’ ಎಂದು ಎದ್ದಳು.